ತಿರುವಿನಲ್ಲಿ ನಿಲ್ಲದ ವ್ಯಾನು

ಹಲಸೂರಿನ ಒಂದು ಬೀದಿಯವರು ಹೆಣ ಸಾಗಿಸಲು ಇಟ್ಟುಕೊಂಡಿದ್ದ ವ್ಯಾನು ಬಹಳ ಹಳೆಯ ಪೆಟ್ರೋಲ್ ಗಾಡಿ. ತಮಟೆಯ ಹಿಂದೆ ನಡಿಗೆಯ ವೇಗದಲ್ಲಿ ಹೊರಟರೆ ಅದರ ಇಂಜಿನ್ನಿಗೆ ಗಾಳಿ ಸಾಲುತ್ತಿರಲಿಲ್ಲ. ಶಾಖವೆಲ್ಲ ಇಂಜಿನ್ನಿಗೆ ಇಂಧನ ಒಯ್ಯುವ ಮ್ಯಾನಿಫೋಲ್ಡ್ ಕೊಳವೆಗೆ ಹತ್ತಿ, ಅದರ ಮೇಲಿನ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಕುದಿದು, ಬೀದಿಯ ತಿರುವಿಗೆ ಬರುವಷ್ಟರಲ್ಲಿ ಗಾಡಿ ನಿಂತುಬಿಡುತ್ತಿತ್ತು. ಅಲ್ಲಿಯ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ. ತಿರುವಿನವರೆಗೆ ಬಂದು ಬೀಳ್ಕೊಡುತ್ತಾರೆ. ಹಾಗಾಗಿ ಗಾಡಿ ನಿಲ್ಲುವುದಕ್ಕೆ ಬೇರೆಯೇ ಅರ್ಥ ಹುಟ್ಟಿತ್ತು: ಹೋಗುವವರಿಗೆ ಮನೆಯವರನ್ನು ಬಿಡಲು ಮನಸ್ಸಿಲ್ಲ. ಬದುಕಿದ್ದಾಗ ಹೆಂಡತಿಯತ್ತ ಕಣ್ಣೆತ್ತಿ ನೋಡದವರೂ ಸತ್ತ ಮೇಲೆ ಅಲ್ಲಿ ನಿಂತು ಮರ್ಯಾದೆ ಉಳಿಸಿಕೊಂಡಿದ್ದರು.

ಹಿಂದಿನ ವಾಹನಗಳವರ ಬೈಗುಳವೆಲ್ಲ ಚಾಲಕ ನಿಂಗಣ್ಣನ ಪಾಲು. ಕಲಬುರಗಿ ಕಡೆಯ ಆತ ಕೊನೆಗೆ ಶಿವಾಜಿನಗರದ ಮೆಕ್ಯಾನಿಕ್ ಶಫಿಯ ಬಳಿ ಹೋದ. ಶಫಿ ಇಂಜಿನ್ನಿಗೂ ಮ್ಯಾನಿಫೋಲ್ಡಿಗೂ ನಡುವಿದ್ದ ತೆಳು ಗ್ಯಾಸ್ಕೆಟ್ ಕಿತ್ತು, ಶಾಖ ದಾಟದ ದಪ್ಪ ಫೈಬರ್ ಹಾಳೆಯಲ್ಲಿ ಹೊಸದನ್ನು ಕತ್ತರಿಸಿ ಕೂರಿಸಿದ.

"ಇನ್ನು ನಿದ್ದೆ ಮಾಡ್ಕೊಂಡೇ ಓಡ್ಸು ಭಾಯ್, ನಿಲ್ಲಲ್ಲ."

"ನಿದ್ದಿ ಮಾಡೋರು ಹಿಂದ ಮಲಗಿರ್ತಾರ. ನಾ ಎಚ್ಚರ ಇರಬೇಕಪಾ."

ಹೊಸ ಗ್ಯಾಸ್ಕೆಟ್ಟಿನ ಮೊದಲ ಪಯಣ ಶೇಷಮ್ಮನದು. ಹಾಸಿಗೆ ಹಿಡಿದಿದ್ದ ಆಕೆಯನ್ನು ನೋಡಿಕೊಂಡವಳು ಸೊಸೆ ಕಾವೇರಿ. ಅವರಿಬ್ಬರ ಜಗಳ ಬೀದಿಗೆಲ್ಲ ಬಾಯಿಪಾಠ. ಸಾಯುವ ದಿನ ಬೆಳಿಗ್ಗೆ, ಗಂಜಿಗೆ ಉಪ್ಪು ಹೆಚ್ಚಾಯಿತೆಂದು ಬಟ್ಟಲು ತಳ್ಳಿದ ಶೇಷಮ್ಮ ಮತ್ತೆ ಮಾತಾಡಲೇ ಇಲ್ಲ. ಕಾವೇರಿಗೆ ಉಳಿದದ್ದು ಆ ತಿರುವೊಂದೇ.

ವ್ಯಾನು ಒಮ್ಮೆಯೂ ಕೆಮ್ಮದೆ ತಿರುವು ದಾಟಿತು.

"ಸೊಸೆ ಮುಖ ನೋಡೋಕೂ ನಿಲ್ಲಲಿಲ್ಲ ನೋಡ್ರಮ್ಮಾ," ಎಂದಳು ಪಕ್ಕದ ಮನೆಯ ಸುಭದ್ರಮ್ಮ, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ.

ಕಾವೇರಿ ಗಾಡಿಯ ಹಿಂದೆ ಓಡಿದಳು. "ಅತ್ತೇ, ಇಷ್ಟೊಂದು ಸಿಟ್ಟಾ ನನ್ಮೇಲೆ?"

ನಿಂಗಣ್ಣ ಕನ್ನಡಿಯಲ್ಲಿ ಅವಳನ್ನು ಕಂಡ. ಕೀಲಿ ತಿರುಗಿಸಿ ಇಂಜಿನ್ ಆರಿಸಿದ.

ತನ್ನ ಕೆಲಸ ಹೇಗಿದೆಯೆಂದು ನೋಡಲು ಎದುರಿನ ಟೀ ಅಂಗಡಿಯಲ್ಲಿ ನಿಂತಿದ್ದ ಶಫಿ ಓಡಿಬಂದು, ಬಾನೆಟ್ ಎತ್ತಿ ಕಾರ್ಬ್ಯುರೇಟರಿನ ಮೇಲೆ ಅಂಗೈಯಿಟ್ಟ. ಸುಡಲಿಲ್ಲ.

"ಬಿಸೀನೇ ಆಗಿಲ್ವಲ್ಲೋ! ಯಾಕೆ ನಿಂತೋಯ್ತು?" ಎಂದು ಪಿಸುಗುಟ್ಟಿದ.

ನಿಂಗಣ್ಣ ಕೀಲಿಯತ್ತ ನೋಡಿದ, ಆಮೇಲೆ ಹಿಂದಕ್ಕೆ. ಹಿಂಬಾಗಿಲು ತೆರೆದಿತ್ತು. ಕಾವೇರಿ ಮುದುಕಿಯ ಪಾದ ಹಿಡಿದುಕೊಂಡಿದ್ದಳು. "ಉಪ್ಪು ಜಾಸ್ತಿನೇ ಆಗಿತ್ತು ಅತ್ತೆ. ನೀವು ಹೇಳಿದ್ದೇ ಸರಿ."

ಮುಂದೆ ಬೆಂಕಿಯ ಮಡಕೆ ಹಿಡಿದಿದ್ದ ಮಗ ಲಕ್ಷ್ಮಿಕಾಂತ ಹಿಂತಿರುಗಿ ಬಂದ. "ಏನ್ರೀ ಶಫಿ, ಇನ್ಮೇಲೆ ನಿಲ್ಲಲ್ಲ ಅಂದಿದ್ರಂತೆ?"

ಕೆಲಸದಲ್ಲಿ ತಪ್ಪಾಯಿತೆಂದು ಶಫಿ ಒಪ್ಪಿಕೊಂಡದ್ದನ್ನು ಶಿವಾಜಿನಗರದಲ್ಲಿ ಯಾರೂ ಕೇಳಿದ್ದಿಲ್ಲ.

"ಸರಿಯಾಗಿ ಕೂತಿಲ್ಲ ಸಾರ್, ನಂದೇ ತಪ್ಪು," ಎಂದ ಶಫಿ. "ತುಂಬಾ ಕಾದ್ಬಿಟ್ಟಿದೆ. ಸ್ವಲ್ಪ ಹೊತ್ತು ಬೇಕು."

ಹೆಗಲ ಮೇಲಿನ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಬಿಸಿಯೇ ಆಗದ ಕಾರ್ಬ್ಯುರೇಟರಿಗೆ ನಿಧಾನವಾಗಿ ಸುತ್ತತೊಡಗಿದ.