ಫೋನಿಗೆ ಹೊಂದಿಸಿದ ಚಪ್ಪಲಿ ಅಂಗಡಿ

ಭಾನುವಾರ ಬೆಳಿಗ್ಗೆ ಎಂಟಕ್ಕೆಲ್ಲ ದಾರಿನ್ ಆರನೇ ಸಲ ಫೋನ್ ತೆಗೆದು 'ಲಂಪಾಂಗ್ ಚರ್ಮದ ಚಪ್ಪಲಿ' ಎಂದು ಹುಡುಕಿದಳು. ನಾಲ್ಕನೇ ಸ್ಥಾನ. ನಿನ್ನೆಯೂ ನಾಲ್ಕೇ. ಮೂರನೇ ಪುಟದಲ್ಲೆಲ್ಲೋ ಬಿದ್ದಿದ್ದ ಅಂಗಡಿ ಮೂರೇ ವಾರದಲ್ಲಿ ಇಷ್ಟು ಮೇಲೆ ಬಂದರೆ ಬೇರೆ ಯಾರೇ ಆಗಲಿ ನೆಲದ ಮೇಲೆ ನಡೆಯುತ್ತಿರಲಿಲ್ಲ. ಇವಳಿಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಜನ ವೆಬ್‌ಸೈಟಿಗೆ ಬರುತ್ತಾರೆ, ಒಂದು ಗಳಿಗೆ ನೋಡುತ್ತಾರೆ, ಹೋಗಿಬಿಡುತ್ತಾರೆ. ಇಬ್ಬರು ವಿದೇಶಿಯರನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಆರ್ಡರ್ ಕೊಟ್ಟಿಲ್ಲ.

ಹತ್ತಕ್ಕೆ ಬ್ಯಾಂಕಾಕಿನ ಕಾಫಿ ಅಂಗಡಿಯವನು ಬರುವವನಿದ್ದ. ಅಂಗಡಿಯ ಮುಂಭಾಗವನ್ನು ಅವನಿಗೆ ಬಾಡಿಗೆಗೆ ಕೊಡುವುದೆಂದು ದಾರಿನ್‌ಳ ತಾಯಿ ಬುನ್‌ಸಿ ಮಾತು ಕೊಟ್ಟಾಗಿತ್ತು. ಕೊಟ್ಟರೆ ಹೊಲಿಯುವವರಿಗೆ ಕೂರಲು ಜಾಗವಿಲ್ಲ. ಲಂಪಾಂಗ್ ಊರಿನಲ್ಲಿ ಬುನ್‌ಸಿಯ ಅಪ್ಪ ಕಮ್ಮೂನ್ ತಾತ ಕಟ್ಟಿದ ಅರವತ್ತು ವರ್ಷದ ಅಂಗಡಿ ಅಲ್ಲಿಗೆ ಮುಗಿಯಿತು. ಯಾಕಮ್ಮಾ ಎಂದರೆ ತಾಯಿಯದು ಒಂದೇ ಉತ್ತರ, ಸುಸ್ತಾಗಿದೆ.

ಹಳೆಯ ವೆಬ್‌ಸೈಟ್ ಕಂಪ್ಯೂಟರಿಗೆಂದು ಮಾಡಿದ್ದು. ಫೋನಿನಲ್ಲಿ ಅಕ್ಷರಗಳೆಲ್ಲ ಇರುವೆ ಸಾಲು. ಈಗ ಎಲ್ಲರೂ ಹುಡುಕುವುದು ಫೋನಿನಲ್ಲೇ, ಫೋನಿಗೆ ಹೊಂದದ ಪುಟವನ್ನು ಹುಡುಕುತಾಣ ಹಿಂದಕ್ಕೆ ತಳ್ಳುತ್ತದೆ. ಅದಕ್ಕೇ ದಾರಿನ್ ಎರಡು ತಿಂಗಳು ಕೂತು ಅಕ್ಷರ ದೊಡ್ಡದು ಮಾಡಿದಳು, ಬಟನ್ನುಗಳನ್ನು ಹೆಬ್ಬೆರಳಿನಷ್ಟಾಗಿಸಿದಳು, ಚಿತ್ರಗಳ ಭಾರ ಇಳಿಸಿದಳು. ತೆರೆಯಲು ಒಂಬತ್ತು ಸೆಕೆಂಡು ಹಿಡಿಯುತ್ತಿದ್ದ ಪುಟ ಎರಡೇ ಸೆಕೆಂಡಿಗೆ ತೆರೆಯತೊಡಗಿತು. ಇನ್ನೇನು ಬೇಕು ಈ ಜನಕ್ಕೆ ಎಂದು ಅವಳಿಗೆ ಸಿಟ್ಟು.

ಮೂಲೆಯಲ್ಲಿ ಇಂಟಾ ಮಾಮ ಚಪ್ಪಲಿಯ ಪಟ್ಟಿ ಹೊಲಿಯುತ್ತಿದ್ದರು. ತಾತನ ಕೈಕೆಳಗೆ ಕೆಲಸ ಕಲಿತವರಲ್ಲಿ ಉಳಿದಿದ್ದವರು ಅವರೊಬ್ಬರೇ.

"ಮಾಮ, ಬಟನ್ ಕೆಂಪು ಮಾಡ್ಲಾ? ಹಸಿರು ಕಣ್ಣಿಗೆ ಬೀಳ್ತಿಲ್ವೇನೋ."

"ಮೊನ್ನೆ ಹಳದಿ ಇತ್ತು, ನಿನ್ನೆ ಕೆಂಪಿತ್ತು. ಗೋಸುಂಬೆಗೂ ಇಷ್ಟು ಅವಸರ ಇರಲ್ಲ ಕಣಮ್ಮ."

"ನಿಮ್ ಸೊಸೆ ನೋಡಿದ್ರಂತಲ್ಲ, ಏನಂದ್ರು?"

"ಚೆನ್ನಾಗಿದೆ ಅಂದ್ಲು."

"ಎಲ್ರೂ ಚೆನ್ನಾಗಿದೆ ಅಂತಾರೆ, ಯಾರೂ ಕೊಳ್ಳಲ್ಲ."

ನಮ್ಮ ಲಂಪಾಂಗಿನಲ್ಲಿ 'ಚೆನ್ನಾಗಿದೆ' ಎಂಬ ಮಾತನ್ನು ನಂಬಿ ಕೂತವರು ಕೆಟ್ಟರು. ಎದುರಿಗಿರುವವರಿಗೆ ಮುಜುಗರವಾಗಬಾರದು, ಅಷ್ಟೇ ನಮ್ಮವರ ಚಿಂತೆ. ನಿಮ್ಮ ಮನೆಗೆ ಬೆಂಕಿ ಬಿದ್ದಿದ್ದರೂ ಮೊದಲು ನಕ್ಕು, ಊಟ ಆಯ್ತಾ ಎಂದು ಕೇಳಿ, ಆಮೇಲೆ ಹೊಗೆಯ ವಿಷಯ ಎತ್ತುತ್ತಾರೆ. ಇಂಟಾ ಮಾಮ ಮೂರು ವಾರದಿಂದ ನಗುತ್ತಲೇ ಇದ್ದರು. ಆದರೆ ಕಾಫಿಯವನು ಬರುವ ಹೊತ್ತಾಗುತ್ತಿತ್ತು. ಅವರು ಸೂಜಿ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡರು.

"ಮಗಾ, ಆ ಜೋಡು ಸ್ವಲ್ಪ ಕೆಳಗಿಳಿಸೋಕಾಗುತ್ತಾ?"

"ಯಾವ ಜೋಡು?"

"ನಿಮ್ ತಾತನ ತಲೆ ಮೇಲಿರೋದು."

ದಾರಿನ್ ಪುಟ ತೆರೆದಳು. ಕಂಪ್ಯೂಟರಿನ ಅಗಲ ಪರದೆಯಲ್ಲಿ ಎಡಕ್ಕೆ ಚಪ್ಪಲಿ, ಬಲಕ್ಕೆ ತಾತನ ಫೋಟೋ, ಅಕ್ಕಪಕ್ಕ. ಫೋನಿನಲ್ಲಿ ಅಷ್ಟು ಅಗಲವಿಲ್ಲ, ಎಡಗಡೆಯದು ಮೇಲೆ ಬರುತ್ತದೆ, ಬಲಗಡೆಯದು ಅದರ ಕೆಳಗಿಳಿಯುತ್ತದೆ. ಮೇಲೆ ದೊಡ್ಡದೊಂದು ಜೊತೆ ಚಪ್ಪಲಿ, ಅದರ ಅಟ್ಟೆಗೆ ತಾಗಿದಂತೆ ಕಮ್ಮೂನ್ ತಾತನ ನೆರೆತ ತಲೆ. ತಲೆ ಎಂದರೆ ಪವಿತ್ರ, ಕಾಲು ಎಂದರೆ ಕೀಳು ಎಂದು ಎರಡು ವರ್ಷದ ಮಗುವಿಗೂ ಕಲಿಸುವ ಊರು ಇದು. ಈ ಪುಟವನ್ನು ಅವಳು ಇನ್ನೂರು ಸಲ ಫೋನಿನಲ್ಲಿ ತೆರೆದಿದ್ದಳು. ನೋಡಿದ್ದು ಸೆಕೆಂಡುಗಳನ್ನು ಮಾತ್ರ, ತಾತನನ್ನಲ್ಲ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ತಾತನನ್ನು ಮೇಲಕ್ಕೆ ತರಲು ಎರಡು ನಿಮಿಷವೂ ಹಿಡಿಯಲಿಲ್ಲ. ಮೇಲಿಟ್ಟೊಡನೆ, ಆ ದೊಡ್ಡ ಫೋಟೋ ಮೊದಲು ಮೂಡಬೇಕಾದ್ದರಿಂದ ಪುಟ ತೆರೆಯಲು ನಾಲ್ಕು ಸೆಕೆಂಡಾಯಿತು, ಚಪ್ಪಲಿ ಪರದೆಯಾಚೆ ಸರಿಯಿತು. ಹೀಗಾದರೆ ಸ್ಥಾನ ಜಾರುವುದು ಖಂಡಿತ. ತಾತನನ್ನು ತೆಗೆದೇ ಬಿಟ್ಟರೆ ಒಂದೂವರೆ ಸೆಕೆಂಡು ಎಂದು ಮನಸ್ಸು ಆಗಲೂ ಲೆಕ್ಕ ಹಾಕಿತು, ಬೆರಳು ಅಳಿಸುವ ಗುಂಡಿಯವರೆಗೂ ಹೋಯಿತು. ಥೂ ಎಂದು ತನಗೆ ತಾನೇ ಬೈದುಕೊಂಡು ಅಡುಗೆಮನೆಗೆ ಓಡಿದಳು.

ಬುನ್‌ಸಿ ಬೆಂದ ಅಂಟು ಅನ್ನವನ್ನು ಬಿದಿರ ಬುಟ್ಟಿಗೆ ತುಂಬುತ್ತಿದ್ದಳು.

"ಅಮ್ಮ, ತಾತನ ಫೋಟೋ ಎಲ್ಲಿತ್ತು ಅಂತ ನಿಂಗೊತ್ತಿತ್ತಾ?"

"ಮೊದಲ್ನೇ ದಿನಾನೇ ನೋಡ್ದೆ."

"ಒಂದ್ಮಾತು ಹೇಳ್ಬಾರ್ದಿತ್ತಾ?"

"ಏನಂತ ಹೇಳ್ಲಿ? ಓದಿರೋಳು ನೀನು, ಗೊತ್ತಿದ್ದೇ ಇಟ್ಟಿದೀಯ ಅಂದ್ಕೊಂಡೆ. ನಮ್ಮಪ್ಪನ ತಲೆ ಮೇಲೆ ಚಪ್ಪಲಿ ಇಡೋಳಿಗೆ ಅಂಗಡಿ ಉಳ್ಸಿ ಏನಾಗ್ಬೇಕು? ಅವತ್ತು ಸಂಜೇನೇ ಕಾಫಿಯೋನಿಗೆ ಫೋನ್ ಮಾಡ್ದೆ."

"ಬೇಕಂತ ಇಟ್ಟಿದ್ದಲ್ಲಮ್ಮ. ನಾನು ನೋಡ್ಲೇ ಇಲ್ಲ."

ಬುನ್‌ಸಿ ಬುಟ್ಟಿಯ ಮುಚ್ಚಳ ಹಾಕಿದಳು. "ಅದು ಇನ್ನೂ ಕೆಟ್ಟದ್ದು," ಎಂದಳು.

ದಾರಿನ್‌ಗೆ ಅಳು ಬಂತು. ಅಂಗಡಿಗೆ ಬಂದು, ಗೋಡೆಯ ಮೇಲಿದ್ದ ತಾತನ ಪಟದ ಮುಂದೆ ಮೂರು ಸಲ ನೆಲಕ್ಕೆ ಹಣೆ ಹಚ್ಚಿದಳು. ಹಿಂದೆಯೇ ಬಂದ ಬುನ್‌ಸಿ ಮಗಳ ಫೋನ್ ಎತ್ತಿಕೊಂಡಳು. ಅಪ್ಪನ ಮುಖ ಮುಟ್ಟದಂತೆ ಅಂಚಿನಲ್ಲೇ ಬೆರಳಿಟ್ಟು ಪುಟವನ್ನು ಸರಿಸುತ್ತಾ, ಕೊನೆಯವರೆಗೂ ನೋಡಿದಳು. ಒಂದೊಂದು ಜೋಡಿನ ಕೆಳಗೂ ಅದನ್ನು ಹೊಲಿದವರ ಹೆಸರಿತ್ತು. ಇಲ್ಲಿಯವರೆಗೆ ಬುನ್‌ಸಿ ಅದನ್ನು ಓದಿಯೇ ಇರಲಿಲ್ಲ.

"ಈಗ ಎಷ್ಟನೇದಾಗುತ್ತೆ ನಮ್ದು?"

"ಗೊತ್ತಿಲ್ಲಮ್ಮ. ಕೆಳಗೆ ಹೋಗ್ಬೋದು."

ಹೊರಗೆ ಕಾರು ನಿಂತಿತು. ಕಾಫಿಯವನು ಬಾಗಿಲಲ್ಲಿ ಬೂಟು ಕಳಚಿ, ಕೈಮುಗಿದು ಒಳಗೆ ಬಂದ.

"ಕೂತ್ಕೊಳ್ಳಪ್ಪ, ಕಾಲು ಚಾಚು," ಎಂದಳು ಬುನ್‌ಸಿ.

"ಅಮ್ಮಾ, ಬಾಡಿಗೆ ಪತ್ರ ತಂದಿದೀನಿ."

"ಜಾಗ ಕೊಡೋಕಾಗಲ್ಲ, ಬೇಜಾರು ಮಾಡ್ಕೋಬೇಡ. ಇಷ್ಟು ದೂರ ಬಂದೋನ್ನ ಬರಿಗೈಲಿ ಕಳ್ಸಲ್ಲ, ಒಂದು ಜೋಡು ಹೊಲ್ಸಿಕೊಡ್ತೀನಿ. ದಾರಿನ್, ಅಳತೆ ತಗೋ."

ದಾರಿನ್ ಜನ್ಮದಲ್ಲಿ ಯಾರ ಕಾಲಿನ ಅಳತೆಯನ್ನೂ ತೆಗೆದವಳಲ್ಲ. ಇಂಟಾ ಮಾಮ ಕಾಗದ, ಪೆನ್ಸಿಲ್ ಮುಂದಕ್ಕೆ ಸರಿಸಿದರು. ಅವಳು ನೆಲಕ್ಕೆ ಕೂತು, ಗುರುತಿಲ್ಲದವನ ಪಾದವನ್ನು ಕಾಗದದ ಮೇಲಿಟ್ಟು ಬಗ್ಗಿದಳು. ಹಿಮ್ಮಡಿಯಿಂದ ಶುರುಮಾಡಿ ಸರಸರನೆ ಗೆರೆ ಎಳೆಯತೊಡಗಿದಳು.

"ಅವಸರ ಬೇಡ," ಎಂದಳು ತಾಯಿ. "ನೋಡಿ ತಗೋ."