ಒಂದು ಕಣ್ಣಿನ ಪಾಲು

ನಲವತ್ತು ಪುಟದ ನನ್ನ ಯೋಜನೆಯನ್ನು ಮಾವ ತೂಕ ನೋಡುವವರ ಹಾಗೆ ಒಮ್ಮೆ ಕೈಯಲ್ಲೆತ್ತಿ, ಬಿಡಿಸದೆ ತಮ್ಮ ಅನ್ನದ ಅಂಗಡಿಯ ಮೇಜಿನ ಮೇಲಿಟ್ಟರು.

"ಒಂದು ತೋಳಿನ ಮೇಲೆ ಎಷ್ಟು ತಟ್ಟೆ ಹೊರ್ತೀಯ, ನಿದಾರ್?"

ನಾನು ದಂಗಾದೆ. ತರಗತಿಗೇ ಎರಡನೆಯವಳಾಗಿ ವಾಣಿಜ್ಯ ಪದವಿ ಮುಗಿಸಿ, ಎರಡು ದಿನ ಬಸ್ಸಿನಲ್ಲಿ ಸೊಂಟ ಮುರಿದುಕೊಂಡು ನಮ್ಮೂರು ಸುಲಿಕಿಯಿಂದ ಜಕಾರ್ತಾಕ್ಕೆ ಬಂದವಳನ್ನು ಕೇಳುವ ಪ್ರಶ್ನೆಯೇ ಇದು? ನನಗೆ ಬೇಕಾಗಿದ್ದುದು ಅವರ ಒಂದು ಸಹಿ. ಅಮ್ಮ ನಮ್ಮ ಗದ್ದೆ ಅಡವಿಡಲು ತಯಾರಾಗಿದ್ದಳು. ಆ ದುಡ್ಡಿನಲ್ಲಿ ನಾನು ಕಾಫಿ ಅಂಗಡಿ ತೆರೆಯುವವಳಿದ್ದೆ. ನಮ್ಮವರ ಕಟ್ಟಳೆಯಲ್ಲಿ ಗದ್ದೆಯೇನೋ ಹೆಂಗಸರದು, ಅಜ್ಜಿಯಿಂದ ಅಮ್ಮನಿಗೆ ಬಂದದ್ದು, ಮುಂದೆ ನನಗೆ ಬರುವಂಥದ್ದು. ಆದರೆ ಸೋದರಮಾವ ಹೂಂ ಅನ್ನದೆ ಅದರ ಒಂದು ಹಿಡಿ ಮಣ್ಣೂ ಅಲ್ಲಾಡುವಂತಿಲ್ಲ. ಅಡವಿಡುವುದಕ್ಕೂ ನಾಲ್ಕೇ ಕಾರಣ: ಮನೆಯಲ್ಲಿ ಸಾವಾಗಿರಬೇಕು, ಚಾವಣಿ ಸೋರುತ್ತಿರಬೇಕು, ಕುಲದ ಹಿರಿಯನಿಗೆ ಪಟ್ಟ ಕಟ್ಟಬೇಕು, ಇಲ್ಲವೇ ಮದುವೆಯಾಗದ ಮಗಳಿರಬೇಕು. "ನೀನು ಮದುವೆ ಆಗ್ದಿರೋ ಮಗಳೇ ತಾನೆ? ಹಾಗಂತ ಬರೆದ್ರಾಯ್ತು," ಎಂದು ಅಮ್ಮ ಉಪಾಯ ಹೇಳಿಕೊಟ್ಟಿದ್ದಳು.

"ನೂರು ದಿನ ಒಳಗೆ ಅಡುಗೆಮನೇಲಿ ತಟ್ಟೆ ತೊಳಿ. ಆಮೇಲೆ ಸಹಿ ಮಾತು," ಎಂದರು ಮಾವ.

"ತಟ್ಟೆ ತೊಳೆಯೋಕಾ ಮಾವ ನಾನು ಓದಿದ್ದು?"

"ಓದಿದ್ದು ಎಲ್ಲೂ ಹೋಗಲ್ಲ. ಸೋಪು ನೀರು ಬಿದ್ರೆ ಅಳಿಸ್ಹೋಗೋ ಓದಾದ್ರೆ ಹೋಗ್ಲಿ ಬಿಡು."

ಸಂಬಳ ಎಷ್ಟೆಂದು ಕೇಳಿದ್ದಕ್ಕೆ ಅಡುಗೆಮನೆಯೆಲ್ಲ ನಕ್ಕಿತು. ನಮ್ಮವರ ಅನ್ನದ ಅಂಗಡಿಗಳಲ್ಲಿ ಸಂಬಳವೆಂಬುದಿಲ್ಲ. ನೂರು ದಿನಕ್ಕೊಮ್ಮೆ ಲಾಭ ಹಂಚುತ್ತಾರೆ. ಒಬ್ಬೊಬ್ಬರ ಪಾಲಿಗೆ ಇಷ್ಟಿಷ್ಟು 'ಕಣ್ಣು'. ಅಡುಗೆಯವನಿಗೆ ಐದು ಕಣ್ಣು, ಹಳಬಳಾದ ತೊಳೆಯುವ ಹೆಂಗಸಿಗೆ ಎರಡು, ಹೊಸಬಳಿಗೆ ಒಂದು. ಇದೆಲ್ಲ ನನಗೂ ಗೊತ್ತಿತ್ತು. ಆದರೆ ನನಗೂ ಒಂದೇ ಕಣ್ಣು ಎನ್ನುವಷ್ಟು ಮಾವ ಕಲ್ಲೆದೆಯವರೆಂದು ಗೊತ್ತಿರಲಿಲ್ಲ.

ಮೂರನೆಯ ದಿನ ಒಂದು ಮೇಜಿನಿಂದ ಹದಿನಾಲ್ಕು ತಟ್ಟೆ ಹಿಂದೆ ಬಂದವು. ಗಿರಾಕಿಯ ಮುಂದೆ ಎಲ್ಲ ಬಗೆಯನ್ನೂ ಹರಡುತ್ತೇವೆ, ತಿಂದದ್ದಕ್ಕೆ ಮಾತ್ರ ದುಡ್ಡು. ಅವುಗಳಲ್ಲಿ ಆರು ತಟ್ಟೆಗಳನ್ನು ಯಾರೂ ಮುಟ್ಟಿರಲಿಲ್ಲ, ಅವು ಮತ್ತೆ ಪಾತ್ರೆಗೆ ಹೋಗಬೇಕಾದವು. ನನ್ನ ತಲೆ ಎಲ್ಲಿತ್ತೋ, ಬಾಡಿದ ಮೂತಿ ಹಾಕಿಕೊಂಡು ಅವನ್ನೂ ಬಕೆಟ್ಟಿಗೆ ಸುರಿದೆ. ಪಕ್ಕದಲ್ಲಿ ತೊಳೆಯುತ್ತಿದ್ದ, ಎಲ್ಲರೂ ಎತೆಕ್ (ಚಿಕ್ಕಮ್ಮ) ಎನ್ನುವ ನುರ್ಮಾ ಹಾವು ಕಂಡವಳಂತೆ ಕಿರುಚಿದಳು. ಆಕೆ ವಿಧವೆ, ನನ್ನ ಅಮ್ಮನ ವಯಸ್ಸಿನವಳು.

"ಅಯ್ಯೋ ಪದವೀಧರೇ! ಅದು ಬರೀ ರೆಂದಾಂಗ್ ಮಾಂಸ ಅಲ್ಲ ಕಣೇ, ನನ್ ಮಗನ ಸ್ಕೂಲ್ ಫೀಸು! ಎಲ್ರ ಪಾಲನ್ನೂ ಬಕೆಟ್ಟಿಗೆ ಸುರಿದ್ಯಲ್ಲೇ!"

ಮಾಂಸ ಬೇಯಿಸುತ್ತಿದ್ದವನು, ಅನ್ನ ಬಡಿಸುತ್ತಿದ್ದವನು ಎಲ್ಲರೂ ಬಂದು ಬಕೆಟ್ಟಿನೊಳಗೆ ಇಣುಕಿ ನೋಡಿದರು. ಅವತ್ತು ನಾನು ನಾಚಿಕೆಯಿಂದ ಊಟ ಬಿಟ್ಟೆ. ಆಮೇಲಿನಿಂದ ತೊಳೆಯುವ ಮುಂಚೆ ಪ್ರತಿ ತಟ್ಟೆಯನ್ನೂ ನೋಡತೊಡಗಿದೆ. ಯಾವುದು ಖಾಲಿಯಾಗಿ ಬರುತ್ತದೆ, ಯಾವ ಮೀನನ್ನು ಜನ ಪಕ್ಕಕ್ಕೆ ತಳ್ಳುತ್ತಾರೆ, ಎಲ್ಲ ತಿಳಿಯತೊಡಗಿತು. ನನ್ನ ನಲವತ್ತು ಪುಟಗಳಲ್ಲಿ ಗಿರಾಕಿ ಬಿಟ್ಟುಹೋಗುವುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಇದನ್ನು ಮಾವನಿಗೆ ಮಾತ್ರ ಹೇಳಲಿಲ್ಲ, ನನಗೂ ಸೊಕ್ಕಿತ್ತು.

ನೂರನೆಯ ದಿನ ಶುಕ್ರವಾರ. ನಮಾಜು ಮುಗಿದ ಮೇಲೆ ಅಂಗಡಿಯ ಬಾಗಿಲು ಹಾಕಿ, ಎಲ್ಲರೂ ಚಾಪೆಯ ಮೇಲೆ ಕೂತು ಪಾಲು ಪಡೆದರು. ನನ್ನ ಲಕೋಟೆ ತೆಳ್ಳಗಿತ್ತು. ಜನ ಎದ್ದುಹೋದ ಮೇಲೆ ಕಾಗದ ಮಾವನ ಮುಂದಿಟ್ಟೆ.

"ನೂರು ದಿನ ಆಯ್ತು. ಸಹಿ ಹಾಕಿ."

"ಹಾಕ್ತಿದ್ದೆ. ಅಡವಿಡೋಕೆ ಗದ್ದೆನೇ ಇಲ್ಲಮ್ಮ."

"ಅಂದ್ರೆ?"

"ಆಗ್ಲೇ ಅಡವಿಟ್ಟಾಗಿದೆ. ಮೂವತ್ತೆರಡು ವರ್ಷ ಆಯ್ತು. ಇಟ್ಟೋನು ನಾನೇ."

ತಮಾಷೆ ಮಾಡುತ್ತಿದ್ದಾರೆಂದು ಮುಖ ನೋಡಿದೆ. ತಮಾಷೆಯಾಗಿರಲಿಲ್ಲ.

"ಸುಳ್ಳು! ಊರಲ್ಲಿ ಬುಸ್ರಾ ತಾತ ಅದನ್ನ ಗೇಣಿಗೆ ಮಾಡ್ತಿಲ್ವಾ? ಪ್ರತಿ ಬೆಳೆಗೂ ನಮ್ಮ ಪಾಲಿನ ಅಕ್ಕಿ ತಂದು ಹಾಕ್ತಿಲ್ವಾ?"

"ಗೇಣಿ ಅಲ್ಲ. ಅಡವು ಹಿಡಿದಿರೋನೇ ಅವನು. ಬೆಳೆಯೆಲ್ಲ ಅವನ್ದೇ. ನಿಮ್ಮನೆಗೆ ಬರೋದು ಸಂತೆ ಅಕ್ಕಿ. ದುಡ್ಡು ನಾನು ಕಳಿಸ್ತೀನಿ, ಅವನು ತಂದು ಹಾಕ್ತಾನೆ."

ಮಾವ ತಲೆಯೆತ್ತದೆ ಹೇಳುತ್ತ ಹೋದರು. "ನನಗಾಗ ಇಪ್ಪತ್ತಾರು. ನಿನ್ ಹಾಗೇ ಬರೆದಿಟ್ಕೊಂಡಿದ್ದೆ, ದೊಡ್ಡ ಹೋಟ್ಲು, ಫ್ಯಾನು, ಕನ್ನಡಿ. ಚಾವಣಿ ಸೋರ್ತಿದೆ ಅಂತ ನಿನ್ನಜ್ಜಿ ಬಾಯಲ್ಲಿ ಸುಳ್ಳು ಹೇಳಿಸ್ದೆ. ಹನ್ನೊಂದೇ ತಿಂಗಳು ನಡೀತು. ಒಂದು ತಟ್ಟೆ ತೊಳೆದು ಗೊತ್ತಿರ್ಲಿಲ್ಲ ನಂಗೆ. ನಿಮ್ಮಮ್ಮ ಆಗ ಚಿಕ್ಕೋಳು. ಅವಳಿಗೆ ಇವತ್ತಿಗೂ ಗೊತ್ತಿಲ್ಲ."

"ಇಷ್ಟು ವರ್ಷದಲ್ಲಿ ಬಿಡಿಸ್ಕೊಳ್ಳೋಕೆ ಆಗ್ಲಿಲ್ವಾ?"

"ಅಡವು ಚಿನ್ನದ ಲೆಕ್ಕದಲ್ಲಿ ಕಣಮ್ಮ. ಚಿನ್ನ ಕೊಟ್ಟೇ ಬಿಡಿಸ್ಬೇಕು. ನಾನು ಒಂದು ಹೆಜ್ಜೆ ಇಟ್ರೆ ಅದರ ಬೆಲೆ ಎರಡು ಹೆಜ್ಜೆ ಮುಂದೆ." ಗಲ್ಲಾದ ಕೆಳಗಿಂದ ಒಂದು ಬಿಸ್ಕತ್ತಿನ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ಹಳೆಯ ಬಟ್ಟೆಯೊಳಗೆ ಉಂಗುರಗಳು, ಚೂರುಗಳು. "ಅರ್ಧ ಆಗಿದೆ."

ನನಗೆ ಸಿಟ್ಟು ಬಂತು, ಅಳುವೂ ಬಂತು. ನಾನು ಹುಟ್ಟಿದಾಗಿನಿಂದ ಉಂಡ ಅನ್ನವೆಲ್ಲ ಈ ಮನುಷ್ಯ ಇಲ್ಲಿ ತಟ್ಟೆ ಹೊತ್ತ ದುಡ್ಡಿನಲ್ಲಿ ಕೊಂಡದ್ದು. ನಮ್ಮದೆಂದು ಅಂದುಕೊಂಡಿದ್ದ ಗದ್ದೆ ನಮ್ಮ ಕೈಯಲ್ಲೇ ಇಲ್ಲ. ಯಾರನ್ನು ಬಯ್ಯಬೇಕೆಂದು ತಿಳಿಯದೆ ಆ ನಲವತ್ತು ಪುಟಗಳನ್ನೇ ಹಿಂಡುತ್ತ ಕೂತೆ.

ಅಷ್ಟರಲ್ಲಿ ಅಮ್ಮನ ಫೋನು ಬಂತು. ಅವಳ ದನಿ ಜೋರು, ಪಕ್ಕದಲ್ಲಿದ್ದ ಮಾವನಿಗೂ ಕೇಳುತ್ತಿತ್ತು.

"ಒಪ್ಪಿದ್ನಾ?"

ಮಾವ ನನ್ನನ್ನು ನೋಡಲಿಲ್ಲ.

"ಇಲ್ಲಮ್ಮ. ಒಪ್ಪಲ್ಲ ಅಂದ್ರು."

"ಜಿಪುಣ! ಒಡಹುಟ್ಟಿದ ತಂಗಿ ಅನ್ನೋ ಕರುಣೆನೂ ಇಲ್ಲ ಅವನಿಗೆ. ನಮ್ಮ ಗದ್ದೆಗೆ ಅವನದೇನು ಯಜಮಾನಿಕೆ? ಒಂದು ದಿನ ಕಾಲಿಟ್ಟು ಕೆಸರು ಮೆಟ್ಟಿದ್ದಾನಾ?" ಎಂದು ಅಮ್ಮ ಬಾಯಿಗೆ ಬಂದಂತೆ ಬೈದಳು. ಮಾವ ಅಷ್ಟನ್ನೂ ತಲೆ ತಗ್ಗಿಸಿ ಕೇಳಿಸಿಕೊಂಡರು.

ಬೈದು ಸುಸ್ತಾದ ಮೇಲೆ ಅಮ್ಮನ ದನಿ ಮೆತ್ತಗಾಯಿತು. "ಹೋಗ್ಲಿ ಬಿಡು. ಬುಸ್ರಾ ನಿನ್ನೆ ಅಕ್ಕಿ ತಂದು ಹಾಕ್ದ. ಏನೇ ಹೇಳು, ನಮ್ಮ ಗದ್ದೆ ಅಕ್ಕಿ ರುಚಿ ಬೇರೆ ಎಲ್ಲೂ ಸಿಗಲ್ಲ. ನಿನಗೆ ಒಂದು ಮೂಟೆ ಕಳಿಸ್ಲಾ?"

"ಕಳಿಸಮ್ಮ," ಎಂದೆ.

ಫೋನಿಟ್ಟು, ನನ್ನ ಲಕೋಟೆಯನ್ನು ಆ ಡಬ್ಬಿಯೊಳಗೆ ಹಾಕಿದೆ. ಮಾವ ಬೇಡವೆನ್ನುವ ಮುಂಚೆ ಮುಚ್ಚಳ ಹಾಕಿದೆ. ನಾನು ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು ತಟ್ಟೆ ತೊಳೆಯುವ ತೊಟ್ಟಿಯ ಕಡೆಗೆ ನಡೆದೆ.