ಓದಿಲ್ಲ ಅಂದರೆ ಸಾಕು

ನೀನು ಆ ಪೇಟೆಂಟನ್ನ ಓದೇ ಇಲ್ಲ, ತಿಳೀತಾ ತಂಗಿ, ಅಂದರು ವಕೀಲರು, ಚಹಾದಲ್ಲಿ ನೆನೆದು ಮುರಿದುಬಿದ್ದ ಬಿಸ್ಕತ್ತನ್ನು ಬೆರಳಲ್ಲೇ ಎತ್ತಿ ಬಾಯಿಗಿಟ್ಟುಕೊಳ್ಳುತ್ತ, ಥೂ, ಅದೇ ಬೆರಳು ಈಗ ಅವಳ ಕಡೆಗೆ, ಓದದೆ ಬಳಸಿದ್ರೆ ಬರೀ ತಪ್ಪು, ಓದಿ ಬಳಸಿದ್ರೆ ದಂಡ ಜಾಸ್ತಿ, ಕಣ್ಣಿದ್ದವರಿಗೇ ಕಷ್ಟ ನೋಡು — ಭಾವ ನಗುತ್ತಾರೆ, ಅಕ್ಕನ ಗಂಡ, ಕಂಪನಿಯ ಯಜಮಾನರು, ವಕೀಲರು ಕೆಮ್ಮಿದರೂ ನಗುತ್ತಾರೆ — ಕಂಪನಿ ಮಾಡುತ್ತಿರುವುದು ಅಂಗೈಯಗಲದ ಪೆಟ್ಟಿಗೆ, ಮಲಗಿದ ಕೂಸಿನ ಉಸಿರು ಎಣಿಸಿ ಬರೆದಿಡಬೇಕು, ಒಳಗಿನ ಚಿಪ್‌ನಲ್ಲಿ ಒಂದೇ ಜಾಗದಲ್ಲಿ ಬರೆದು ಅಳಿಸಿ ಬರೆದು ಅಳಿಸಿದರೆ ಆ ಜಾಗ ಸವೆದು ಸತ್ತೇಹೋಗುತ್ತದೆ, ಬರಹವನ್ನು ಸರದಿಯಂತೆ ಎಲ್ಲ ಜಾಗಕ್ಕೂ ಓಡಾಡಿಸುವ ಸಾಫ್ಟ್‌ವೇರ್ ಬೇಕು, ಪುಕ್ಕಟೆ ಸಿಗೋದಿದೆ ಭಾವ, ಅಂದಿದ್ದಳು, ಆದ್ರೆ ಅದರ ಲೈಸೆನ್ಸ್ ಪ್ರಕಾರ ನಮ್ಮ ಕೋಡನ್ನೂ ಬಿಚ್ಚಿ ತೋರಿಸಬೇಕು, ಅಯ್ಯೋ, ಬಾಗಿಲು ತೆಗೆದಿಟ್ಟು ಮಲಗು ಅಂತೀಯಲ್ಲ, ಹಾಗಾದ್ರೆ ಕೊಂಡುಕೊಳ್ಳೋಣ, ಪೆಟ್ಟಿಗೆಗಿಷ್ಟು ಅಂತ ಕೊಡೋಕೆ ನಿಮ್ಮಕ್ಕನ ಬಳೆ ಮಾರಲಾ, ನೀನೇ ಬರಿ, ತಲೆಯೇನು ಬಾಡಿಗೆಗೆ ಕೊಟ್ಟಿದೀಯ — ಬರೆದಳು, ಅಕ್ಕನ ಮನೆಯಲ್ಲಿ ಬಟ್ಟೆ ಮಡಚುವಾಗ ಹೊಳೆದದ್ದು, ಒಗೆದುಬಂದ ಟವೆಲನ್ನು ರಾಶಿಯ ತಳಕ್ಕಿಟ್ಟರೆ ಎಲ್ಲವೂ ಸಮನಾಗಿ ಸವೆಯುತ್ತವೆ, ನನ್ನದೇ ಅಂತ ಎಷ್ಟು ಬೀಗಿದಳು, ಆಮೇಲೆ ಸುಮ್ಮನೆ ಹುಡುಕಿ ಓದಿದರೆ ಅದೇ, ಸಾಲು ಸಾಲೂ ಅದೇ, ಯಾರೋ ಮೊದಲೇ ಪೇಟೆಂಟಿನ ಬೇಲಿ ಹಾಕಿಕೊಂಡಿದ್ದಾರೆ, ಓಡಿ ಬಂದು ಹೇಳಿದರೆ ಭಾವ ಕೇಳಿದ್ದು ಒಂದೇ, ಬೇರೆ ಯಾರಿಗೆ ಹೇಳ್ದೆ — ಟವೆಲ್ ಮಡಚುವ ಬುದ್ಧಿಗೂ ಬೇಲಿ ಹಾಕಿದವರನ್ನು ನೆನೆದರೆ ಅಸಹ್ಯ, ವಕೀಲರ ಈ ನೆಕ್ಕಿದ ಬೆರಳನ್ನು ನೋಡಿದರೆ ಅಸಹ್ಯ, ಎಲ್ಲಕ್ಕಿಂತ ಆಗಲೇ ಹೂಂ ಅಂತ ಆಡಿಬಿಟ್ಟ ತನ್ನ ಕತ್ತಿನ ಮೇಲೆ ಅಸಹ್ಯ, ಎಷ್ಟು ಸಲೀಸಾಗಿ ಆಡಿತು, ಎಣ್ಣೆ ಹಾಕಿದ ಕೀಲಿನ ಹಾಗೆ — ಈಗ ಬರುವವರು ಇದನ್ನು ಕೊಳ್ಳದಿದ್ದರೆ ಭಾವನ ಕಂಪನಿಗೆ ಬೀಗ, ಅಕ್ಕ ಮತ್ತೆ ಮಾತಾಡಿಸುತ್ತಾಳೋ ಇಲ್ಲವೋ — ಬಾಗಿಲು ತೆರೆಯಿತು, ಕೊಳ್ಳುವ ಕಂಪನಿಯ ಹೆಂಗಸು, ಕನ್ನಡಕದೊಳಗೆ ದಣಿದ ಕಣ್ಣು, ಇದನ್ನ ಬರೆದವರು ನೀವೇನಾ, ಸೊಗಸಾಗಿದೆ, ನಮ್ಮ ಹುಡುಗರೆಲ್ಲ ಕೂತು ನೋಡಿದರು, ಒಂದೇ ಮಾತು ಕೇಳಬೇಕಿತ್ತು, ಈ ಥರದ್ದರ ಮೇಲೆ ಯಾರದಾದರೂ ಪೇಟೆಂಟ್ ನಿಮ್ಮ ಕಣ್ಣಿಗೆ ಬಿದ್ದಿದೆಯಾ. ಇಲ್ಲ ಅನ್ನಬೇಕು, ಎರಡಕ್ಷರ, ಭಾವನ ಚಪ್ಪಲಿ ಮೇಜಿನಡಿ ಅವಳ ಪಾದಕ್ಕೆ ತಾಗಿತು, ತಾಗಿಯೇ ಇತ್ತು, ಬೆಚ್ಚಗೆ, ಅಂಟಂಟು — ಓದಿದೀನಿ ಮೇಡಂ, ಎರಡು ಸಲ, ಅದೂ ಇದೂ ಒಂದೇ, ಅವರ ಒಪ್ಪಿಗೆ ಇಲ್ಲದೆ ಮಾರೋಕಾಗಲ್ಲ.

ಭಾವ ಕೈ ಚಾಚಿ ಅವಳು ಅರ್ಧ ಕುಡಿದಿಟ್ಟ ನೀರಿನ ಲೋಟವನ್ನು ತಮ್ಮ ಕಡೆಗೆ ಎಳೆದುಕೊಂಡು ಕುಡಿಯತೊಡಗಿದರು, ಅಂಚಿನಲ್ಲಿ ಅವಳ ತುಟಿಯ ಗುರುತು, ಅದರ ಮೇಲೆಯೇ ಅವರ ತುಟಿ, ಲೋಟ ಬರಿದಾದರೂ ತುಟಿ ತೆಗೆಯಲಿಲ್ಲ, ಆ ಲೋಟ, ಆ ತುಟಿ, ಆ ಲೋಟ